ಒಂಟಿಯಾಗಿ ಬಿಟ್ಟರೆ ಮನೆ ಹೊಲಸು ಮಾಡುವ ಪುಟ್ಟ ನಾಯಿ: ಕಲಿಸುವ ಕ್ರಮ, ಹಂತ ಹಂತವಾಗಿ

ನೀವು ಮನೆಯಲ್ಲಿರುವಷ್ಟು ಹೊತ್ತು ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಬೀಗ ಹಾಕಿಕೊಂಡು ಹೊರಟು ಎರಡು ಗಂಟೆ ಬಿಟ್ಟು ಬಂದರೆ ಬಾಗಿಲ ಬಳಿ ಉಚ್ಚೆ, ಸೋಫಾದ ಹಿಂದೆ ಮಲ, ಹರಿದ ದಿಂಬು, ಸಾಲದ್ದಕ್ಕೆ ಪಕ್ಕದ ಮನೆಯವರ ದೂರು. ಆಗ ಬಹಳ ಜನರ ಬಾಯಲ್ಲಿ ಬರುವ ಮಾತು ಒಂದೇ: ‘ಬಿಟ್ಟು ಹೋದದ್ದಕ್ಕೆ ಸೇಡು ತೀರಿಸಿಕೊಂಡಿದೆ.’

ಐದು ಕಿಲೋ ತೂಕದ ನಮ್ಮ ಮಿನ್ನಿಯ ವಿಷಯದಲ್ಲಿ ನಾನೂ ಕೆಲವು ತಿಂಗಳು ಹೀಗೆಯೇ ನಂಬಿದ್ದೆ. ಆ ನಂಬಿಕೆಯಿಂದ ಅವಳಿಗೆ ಆದ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ನಾಯಿಗೆ ಸೇಡು ಗೊತ್ತಿಲ್ಲ. ಒಂಟಿಯಾದಾಗ ಮನೆ ಹಾಳು ಮಾಡುವ ನಾಯಿಗೆ ಎಲ್ಲಿ ಮೂತ್ರ ಮಾಡಬೇಕೆಂಬುದು ಇನ್ನೂ ತಿಳಿದಿರುವುದಿಲ್ಲ, ಇಲ್ಲವೇ ಅದಕ್ಕೆ ಬೇಸರ ಬಂದಿರುತ್ತದೆ, ಇಲ್ಲವೇ ಭಯ ಹಿಡಿದಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ತರಬೇತಿಗೆ ಇಳಿದರೆ ತಿಂಗಳುಗಟ್ಟಲೆ ಶ್ರಮಪಟ್ಟರೂ ನೆಲ ಒರೆಸುವುದು ತಪ್ಪುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಎರಡು ಹಂತಗಳಲ್ಲಿ ಕಲಿಸುವ ಮಾತೇ ಇಲ್ಲ, ಪತ್ತೆ ಮಾಡುವ ಕೆಲಸ ಮಾತ್ರ ಇದೆ.

ಹಂತ 1: ಪಶುವೈದ್ಯರಿಗೆ ತೋರಿಸಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಳು, ಇವುಗಳಲ್ಲಿ ಯಾವುದಿದ್ದರೂ ಕಲಿತ ನಾಯಿಯೂ ಒಳಗೇ ಮಾಡಿಬಿಡುತ್ತದೆ. ಶೀಟ್ಜು, ಯಾರ್ಕ್‌ಶೈರ್ ಟೆರಿಯರ್, ಮಿನಿಯೇಚರ್ ಶ್ನಾಜರ್‌ನಂತಹ ಸಣ್ಣ ತಳಿಗಳಲ್ಲಿ ಮೂತ್ರಕೋಶದ ಕಲ್ಲು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪದೇ ಪದೇ ಕುಳಿತರೂ ನಾಲ್ಕೇ ಹನಿ ಬರುವುದು, ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿಯುವುದು ಕಂಡರೆ ಅದೇ ದಿನ ಹೋಗಿ. ಕುಳಿತರೂ ಒಂದು ಹನಿಯೂ ಬಾರದಿದ್ದರೆ ಒಂದು ಗಂಟೆಯನ್ನೂ ಕಾಯಬೇಡಿ. ವಯಸ್ಸಾದ ನಾಯಿಯಾದರೆ ಮರೆವಿನ ಕಾಯಿಲೆಯ ಬಗ್ಗೆಯೂ ಕೇಳಿ.

ಹಂತ 2: ನೀವಿಲ್ಲದ ಮೊದಲ ಅರ್ಧ ಗಂಟೆಯನ್ನು ಕಣ್ಣಾರೆ ನೋಡಿ

ಹಳೆಯ ಮೊಬೈಲ್ ಒಂದನ್ನು ಬಾಗಿಲು ಕಾಣುವಂತೆ ಕಪಾಟಿನ ಮೇಲೆ ನಿಲ್ಲಿಸಿ ವಿಡಿಯೊ ಚಾಲೂ ಮಾಡಿ. ನೆಲದ ಮೇಲೆ ನಾಯಿಗೆ ಬಹಳ ಇಷ್ಟವಾದ ತಿನಿಸಿನ ಒಂದು ಚೂರು ಇಡಿ. ಎಂದಿನಂತೆ ಬೀಗ ಹಾಕಿಕೊಂಡು ಹೊರಗೆ ಹೋಗಿ, ಅರ್ಧ ಗಂಟೆಯಲ್ಲಿ ಹಿಂತಿರುಗಿ. ನಡುವೆ ಅದು ಕಿರುಚಾಡುವುದು ಕೇಳಿಸಿದರೆ ಅಷ್ಟಕ್ಕೇ ಮರಳಿ ಬನ್ನಿ, ನಿಮಗೆ ಬೇಕಾದ ಉತ್ತರ ಸಿಕ್ಕಾಗಿದೆ.

ಮಿನ್ನಿಯ ಮೊದಲ ವಿಡಿಯೊ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲು ಮುಚ್ಚಿದ ಮೇಲೆ ಎರಡು ನಿಮಿಷ ಅವಳು ಕದಲಲಿಲ್ಲ, ಚಿಲಕವನ್ನೇ ನೋಡುತ್ತ ನಿಂತಿದ್ದಳು. ನಂತರ ತುಟಿ ನೆಕ್ಕಿಕೊಂಡಳು, ಆಕಳಿಸಿದಳು, ಒಂದು ಮುಂಗಾಲು ಎತ್ತಿ ಹಿಡಿದಳು. ಕಿಟಕಿಗೆ ಓಡಿದಳು, ಮತ್ತೆ ಬಾಗಿಲಿಗೆ ಬಂದಳು. ಒಂಬತ್ತನೇ ನಿಮಿಷಕ್ಕೆ ಕಾಲೊರಸಿನ ಮೇಲೆ ನಿಂತಲ್ಲೇ ಉಚ್ಚೆ ಹರಿಯಿತು. ಮೂಸಲಿಲ್ಲ, ಸುತ್ತು ಹಾಕಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ತಿನಿಸಿನ ಚೂರು ಇಟ್ಟಲ್ಲೇ ಇತ್ತು. ನಾನು ಒಳಗೆ ಬಂದ ಮೇಲೆ, ಮುಖ ನೋಡಿದ ಕೂಡಲೇ ಅದನ್ನು ಗಬಕ್ಕನೆ ತಿಂದಳು. ಮನುಷ್ಯರಿಗೂ ಗಾಬರಿಯಲ್ಲಿ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವಲ್ಲ, ಹಾಗೆ.

ನಿಮ್ಮ ವಿಡಿಯೊದಲ್ಲಿ ಗಮನಿಸಬೇಕಾದದ್ದು ಇವು. ನಾಯಿ ತಿಂಡಿ ತಿಂದು, ಮಲಗಿ, ಸ್ವಲ್ಪ ಹೊತ್ತಿನ ನಂತರ ಎದ್ದು ಮೂಲೆಗೆ ಹೋಗಿ ಮೂಸಿ ಸುತ್ತು ಹಾಕಿ ಕುಳಿತರೆ ಅದಕ್ಕೆ ಜಾಗದ ಪಾಠ ಆಗಿಲ್ಲ, ಅಥವಾ ತಡೆದುಕೊಳ್ಳುವ ಶಕ್ತಿ ಮೀರಿದೆ. ಹಂತ 3ರಿಂದ 5ರವರೆಗೆ ಅದಕ್ಕೆ ಸಾಕು. ಕುರ್ಚಿಯ ಕಾಲು, ಗೋಡೆ, ಪರದೆಗೆ ಕಾಲೆತ್ತಿ ಒಂದಿಷ್ಟೇ ಸಿಂಪಡಿಸಿದರೆ ಅದು ಗುರುತು ಹಾಕುವ ಅಭ್ಯಾಸ. ಜಾಗದ ಪಾಠದ ಜೊತೆಗೆ ಸಂತಾನಹರಣ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ, ಗಂಡು ನಾಯಿಗಳಲ್ಲಿ ಇದರಿಂದ ಸಾಕಷ್ಟು ಗುಣ ಕಾಣುತ್ತದೆ. ಆಟವಾಡುವ ಮೈಭಾಷೆಯಲ್ಲಿ ಚಪ್ಪಲಿ, ದಿಂಬು ಹಿಡಿದು ಎಳೆದಾಡುತ್ತಿದ್ದರೆ ಬೇಸರ, ಅದಕ್ಕೆ ಮದ್ದು ಮುಂದೆ ‘ಹೊರಡುವ ದಿನದ ಕ್ರಮ’ದಲ್ಲಿದೆ. ಆದರೆ ಮೊದಲ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ಊಳಿಡುವುದು, ಅತ್ತಿಂದಿತ್ತ ಓಡಾಟ, ಹೊರಹೋಗುವ ಬಾಗಿಲನ್ನೇ ಕೆರೆಯುವುದು, ತಿನಿಸು ಮುಟ್ಟದಿರುವುದು ಕಂಡರೆ ಅದು ಅಗಲಿಕೆಯ ಭಯ. ಅಂತಹ ನಾಯಿಗೆ ಹಂತ 6 ಇಲ್ಲದೆ ಬೇರೆ ಏನು ಮಾಡಿದರೂ ಪ್ರಯೋಜನವಿಲ್ಲ. ಜಾಗದ ಪಾಠ ಆಗದಿರುವುದು, ಭಯ, ಎರಡೂ ಸೇರಿರುವ ನಾಯಿಗಳೂ ಇವೆ, ಮಿನ್ನಿ ಅಂಥವಳು.

ಹಂತ 3: ಹಳೆಯ ವಾಸನೆ ತೆಗೆಯಿರಿ

ನಮ್ಮ ಮೂಗಿಗೆ ಹೋದ ವಾಸನೆ ನಾಯಿಯ ಮೂಗಿಗೆ ಹೋಗಿರುವುದಿಲ್ಲ, ಮತ್ತು ಆ ವಾಸನೆಯೇ ಅದಕ್ಕೆ ‘ಇಲ್ಲಿ ಮಾಡು’ ಎಂಬ ಫಲಕ. ಸಾಕುಪ್ರಾಣಿಗಳ ಮೂತ್ರಕ್ಕೆಂದೇ ಮಾರುವ ಕಿಣ್ವಯುಕ್ತ ದ್ರಾವಣ ಕೊಳ್ಳಿ. ಒದ್ದೆಯನ್ನು ಬಟ್ಟೆಯಿಂದ ಒತ್ತಿ ಹೀರಿಸಿ (ಉಜ್ಜಿದರೆ ಹರಡುತ್ತದೆ), ದ್ರಾವಣವನ್ನು ಮೂತ್ರ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ಸುರಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಹಾಗೆಯೇ ಬಿಡಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಅಮೋನಿಯಾ ಇರುವ ನೆಲದ ದ್ರಾವಣ ಬೇಡ, ಅದರ ವಾಸನೆ ಮೂತ್ರದ ವಾಸನೆಗೆ ಹತ್ತಿರ. ಹಳೆಯ ಕಲೆಗಳು ಬರಿಗಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿದರೆ ಹೊಳೆಯುತ್ತವೆ. ನಾವು ಹಾಗೆ ನೋಡಿದಾಗ ಮಂಚದ ಕೆಳಗೆ ಮೂರು ಜಾಗ ಸಿಕ್ಕವು. ಸಣ್ಣ ನಾಯಿಯ ಉಚ್ಚೆ ಅಂಗೈ ಅಗಲದ್ದು, ಕಣ್ಣಿಗೆ ಬೀಳದೆ ಒಣಗಿಬಿಡುತ್ತದೆ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಅಭ್ಯಾಸ ಬೇರೂರಿರುತ್ತದೆ.

ಹಂತ 4: ಜಾಗದ ಪಾಠವನ್ನು ಮೊದಲಿನಿಂದ ಶುರುಮಾಡಿ

ನಾಯಿಗೆ ನಾಲ್ಕು ವರ್ಷವಾಗಿದ್ದರೂ ಎರಡು ತಿಂಗಳ ಮರಿಯೆಂದೇ ತಿಳಿದು ನಡೆದುಕೊಳ್ಳಿ.

ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆಯಬಲ್ಲದು ಎಂಬ ಸ್ಥೂಲ ಲೆಕ್ಕ ಬಳಕೆಯಲ್ಲಿದೆ. ಅದು ಗರಿಷ್ಠ ಮಿತಿ. ಪುಟ್ಟ ತಳಿಯ ಮರಿಗೆ ಅದರಲ್ಲೂ ಕಡಿಮೆ ಹಿಡಿಯಿರಿ, ಏಕೆಂದರೆ ಅದರ ಮೂತ್ರಕೋಶವೇ ಸಣ್ಣದು. ಬೆಳೆದ ಸಣ್ಣ ನಾಯಿಯನ್ನು ಹಗಲಲ್ಲಿ ನಾಲ್ಕೈದು ಗಂಟೆಗಿಂತ ಹೆಚ್ಚು ಕಾಯಿಸುವುದು ನನ್ನ ಪ್ರಕಾರ ಅನ್ಯಾಯ. ಅದಕ್ಕಿಂತ ಹೆಚ್ಚು ಹೊತ್ತು ನೀವು ಹೊರಗಿರಬೇಕಾದರೆ ನಡುವೆ ಯಾರಾದರೂ ಬಂದು ಹೊರಗೆ ಕರೆದೊಯ್ಯಬೇಕು, ಇಲ್ಲವೇ ಒಳಗೇ ಒಂದು ಜಾಗದಲ್ಲಿ ಮೂತ್ರ ಹೀರುವ ಪ್ಯಾಡ್ ಹಾಸಬೇಕು.

ಹೊರಗೋ ಪ್ಯಾಡೋ ಎಂಬುದನ್ನು ಈಗಲೇ ನಿರ್ಧರಿಸಿ. ಸಾಧ್ಯವಿದ್ದರೆ ಹೊರಗೇ ಕಲಿಸುವುದು ಉತ್ತಮ. ಪ್ಯಾಡಿಗೆ ಒಗ್ಗಿದ ನಾಯಿಗೆ ಮೆತ್ತಗಿನ ಕಾಲೊರಸು, ಜಮಖಾನೆಗಳೂ ಪ್ಯಾಡ್ ಆಗಿಯೇ ಕಾಣುತ್ತವೆ. ಹಾಗೆಂದು ಲಸಿಕೆ ಪೂರ್ತಿಯಾಗದ ಮರಿ, ಮೆಟ್ಟಿಲು ಇಳಿಯಲಾಗದ ಮುದಿ ನಾಯಿ, ಏಳನೇ ಮಹಡಿಯ ಮನೆ, ಇಂತಹ ಕಡೆ ಪ್ಯಾಡ್ ತಪ್ಪೇನಲ್ಲ. ಪ್ಯಾಡ್ ಆದರೆ ಅದರ ಜಾಗ ಬದಲಿಸಬೇಡಿ, ಊಟದ ತಟ್ಟೆ ಮತ್ತು ಹಾಸಿಗೆಯಿಂದ ದೂರವಿಡಿ.

ಒಂದು ವಾರ ದಿನಚರಿ ಬರೆಯಿರಿ: ಯಾವಾಗ ತಿಂದಿತು, ಯಾವಾಗ ಕುಡಿಯಿತು, ಯಾವಾಗ ಮಾಡಿತು, ಎಲ್ಲಿ. ಮೂರನೆಯ ದಿನಕ್ಕೇ ಒಂದು ಕ್ರಮ ಕಾಣುತ್ತದೆ. ಹೊತ್ತು ಹೊತ್ತಿಗೆ ಊಟ ಹಾಕಿದರೆ ಹೊತ್ತು ಹೊತ್ತಿಗೆ ಮಲ ಬರುತ್ತದೆ, ದಿನವಿಡೀ ತಟ್ಟೆ ತುಂಬಿಸಿಟ್ಟರೆ ಲೆಕ್ಕವೇ ಸಿಗುವುದಿಲ್ಲ. ನೀರನ್ನು ಮಾತ್ರ ಎಂದೂ ತೆಗೆಯಬೇಡಿ. ತೀರಾ ಸಣ್ಣ ಮರಿಗಳನ್ನು ಹಸಿವಿನಲ್ಲಿ ಇಡಲೂಬೇಡಿ, ಅವುಗಳ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ.

ಎದ್ದ ಕೂಡಲೇ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದ ಮೇಲೆ, ಮಲಗುವ ಮುಂಚೆ, ನೀವು ಹೊರಡುವ ಮುಂಚೆ, ಇಷ್ಟು ಸಲ ಕಡ್ಡಾಯವಾಗಿ ಹಗ್ಗ ಕಟ್ಟಿಕೊಂಡು ಅದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಸುಮ್ಮನೆ ನಿಲ್ಲಿ. ಮಾತು ಬೇಡ, ಆಟ ಬೇಡ, ಮೊಬೈಲ್ ಬೇಡ. ಕುಳಿತಾಗ ಮೆಲ್ಲನೆ ಒಂದು ಪದ ಹೇಳಿ, ದಿನವೂ ಅದೇ ಪದ. ಮುಗಿಸಿದ ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ತಿನಿಸು ಹಾಕಿ ಹೊಗಳಿ. ಆ ತಿನಿಸು ನಿಮ್ಮ ಜೇಬಿನಲ್ಲೇ ಇರಬೇಕು. ಮನೆಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ನಾಯಿ ಕಲಿಯುವುದು ‘ಮನೆಗೆ ಬಂದರೆ ತಿಂಡಿ’ ಎಂಬುದನ್ನು. ಮಾಡಿದ ಮೇಲೆ ಐದು ನಿಮಿಷ ಅಡ್ಡಾಡಿಸಿ. ಮುಗಿದ ತಕ್ಷಣ ಒಳಗೆ ಎಳೆದು ತಂದರೆ ಹೊರಗಿನ ಸುಖ ಮುಗಿಯುವುದೇ ಮೂತ್ರ ಮಾಡಿದಾಗ ಎಂದು ತಿಳಿದು ಅದು ತಡಮಾಡುವುದನ್ನು ಕಲಿಯುತ್ತದೆ.

ಐದಾರು ನಿಮಿಷ ಕಾದರೂ ಮಾಡಲಿಲ್ಲವೇ? ಒಳಗೆ ಬನ್ನಿ, ಆದರೆ ಹಗ್ಗ ಬಿಚ್ಚಬೇಡಿ. ಮಡಿಲಲ್ಲಿ ಕೂರಿಸಿಕೊಳ್ಳಿ ಅಥವಾ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಹೋಗಿ. ಹೊರಗೆ ಮಾಡದೆ ಒಳಗೆ ಬಂದು ಮಾಡುವ ನಾಯಿಯನ್ನು ತಿದ್ದುವುದು ಈ ಹದಿನೈದು ನಿಮಿಷವೇ. ಮಳೆ, ಒದ್ದೆ ಹುಲ್ಲು, ಚಳಿಗೆ ಪುಟ್ಟ ನಾಯಿಗಳು ಹಿಂಜರಿಯುತ್ತವೆ. ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರವಿರುವ ಪ್ರಾಣಿಗೆ ಅದು ನಿಜವಾದ ಕಷ್ಟ. ಮಾಡಿನ ಕೆಳಗೆ ಒಣ ಜಾಗವೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕಣ್ಣೆದುರೇ ಒಳಗೆ ಮಾಡಲು ಕುಳಿತರೆ ಮೆಲ್ಲನೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಹೋಗಿ, ಅಲ್ಲಿ ಮುಗಿಸಿದರೆ ತಿನಿಸು ಕೊಡಿ. ಬೈದರೆ ನಿಮ್ಮೆದುರು ಮೂತ್ರ ಮಾಡುವುದೇ ಅಪಾಯ ಎಂದು ತಿಳಿದು ಬಾಗಿಲ ಹಿಂದೆ ಮರೆಯಲ್ಲಿ ಮಾಡುತ್ತದೆ. ‘ನಾನಿಲ್ಲದಾಗ ಮಾತ್ರ ಮಾಡುತ್ತದೆ’ ಎನ್ನುವ ಎಷ್ಟೋ ದೂರುಗಳ ಮೂಲ ಇದೇ.

ಹಂತ 5: ಅದಕ್ಕೆಂದು ಒಂದು ಪುಟ್ಟ ಜಾಗ

ಕಲಿಯದ ನಾಯಿಗೆ ಇಡೀ ಮನೆ ಬಿಟ್ಟುಕೊಡಬಾರದು. ಮಕ್ಕಳಿಗೆ ಹಾಕುವಂತಹ ಅಡ್ಡಗೇಟು ಹಾಕಿ ಒಂದು ಕೋಣೆಯ ಭಾಗವನ್ನು ಅದರದ್ದಾಗಿಸಿ. ಹಾಸಿಗೆ, ನೀರು, ಅಗಿಯುವ ಆಟಿಕೆ, ಬೇಕಾದರೆ ದೂರದ ಮೂಲೆಯಲ್ಲಿ ಪ್ಯಾಡ್. ನಿಮ್ಮ ಹಳೆಯ ಬಟ್ಟೆಯೊಂದನ್ನು ಒಗೆಯದೆ ಹಾಸಿಗೆಯ ಮೇಲೆ ಹಾಕಿ. ನೀವು ಮನೆಯಲ್ಲಿರುವಾಗಲೂ ದಿನಕ್ಕೆ ನಾಲ್ಕಾರು ಸಲ ಅಲ್ಲಿ ಊಟ, ಅಲ್ಲಿ ತಿನಿಸು, ಅಲ್ಲಿ ನಿದ್ದೆ ಆಗಬೇಕು, ಇಲ್ಲದಿದ್ದರೆ ಅದು ಬಂದೀಖಾನೆಯಾಗುತ್ತದೆ.

ಕ್ರೇಟ್ (ನಾಯಿ ಮಲಗುವ ಕಂಬಿಯ ಗೂಡು) ಬಳಸುವವರು ಅಳತೆ ನೋಡಿಕೊಳ್ಳಿ: ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು. ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ ಎಂಬುದೇ ಅದರ ತತ್ತ್ವ, ತೀರಾ ದೊಡ್ಡದಾದರೆ ಒಂದು ಮೂಲೆ ಶೌಚಾಲಯವಾಗುತ್ತದೆ. ಆದರೆ ವಿಡಿಯೊದಲ್ಲಿ ಭಯ ಕಂಡ ನಾಯಿಯನ್ನು ಕ್ರೇಟಿನಲ್ಲಿ ಕೂಡಿಹಾಕಿ ಹೊರಡಬೇಡಿ. ತಪ್ಪಿಸಿಕೊಳ್ಳಲು ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುವ, ಉಗುರು ಕಿತ್ತುಕೊಳ್ಳುವ ನಾಯಿಗಳಿವೆ.

ಹಂತ 6: ಒಂಟಿಯಾಗಿರಲು ಕಲಿಸುವುದು

ಇದು ನಿಧಾನದ ಕೆಲಸ. ತತ್ತ್ವ ಮಾತ್ರ ಸರಳ: ನಾಯಿ ಗಾಬರಿಯಾಗುವ ಕ್ಷಣಕ್ಕಿಂತ ಮೊದಲೇ ನೀವು ಮರಳಿ ಬರಬೇಕು, ಹಾಗೆ ಬರುತ್ತ ಬರುತ್ತ ಆ ಕ್ಷಣವನ್ನು ಮುಂದಕ್ಕೆ ತಳ್ಳಬೇಕು.

ನಿಮ್ಮ ಹೊರಡುವ ಸಿದ್ಧತೆಯಲ್ಲಿ ನಾಯಿ ಕಿವಿ ನಿಮಿರಿಸುವುದು ಯಾವಾಗ ಎಂದು ನೋಡಿ. ಮಿನ್ನಿಗೆ ಅದು ಬೀಗದ ಕೈಯ ಗೊಂಚಲಿನ ಸದ್ದು. ದಿನಕ್ಕೆ ಹತ್ತು ಹದಿನೈದು ಸಲ ಆ ಗೊಂಚಲು ಎತ್ತಿಕೊಂಡು ಕುರ್ಚಿಯಲ್ಲಿ ಕುಳಿತು ಓದುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಪಾತ್ರೆ ತೊಳೆದೆ. ಚೀಲ ಹೆಗಲಿಗೇರಿಸಿ ಗಿಡಕ್ಕೆ ನೀರು ಹಾಕಿದೆ. ಎಂಟು ದಿನ ಕಳೆಯುವಷ್ಟರಲ್ಲಿ ಗೊಂಚಲು ಸದ್ದಾದರೆ ಅವಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. ಆ ಸದ್ದಿಗೆ ಅರ್ಥ ಉಳಿದಿರಲಿಲ್ಲ.

ನಂತರ ಬಾಗಿಲು. ಮೊದಲು ಚಿಲಕ ಮುಟ್ಟಿ ಹಿಂತಿರುಗಿ. ಅದಕ್ಕೆ ನಾಯಿ ಏಳದಿದ್ದರೆ ಬಾಗಿಲು ತೆರೆದು ಮುಚ್ಚಿ. ಆಮೇಲೆ ಹೊಸ್ತಿಲು ದಾಟಿ ತಕ್ಷಣ ಒಳಗೆ ಬನ್ನಿ. ಆಮೇಲೆ ಬಾಗಿಲು ಮುಚ್ಚಿಕೊಂಡು ಐದು ಸೆಕೆಂಡು. ಇಲ್ಲಿಂದ ಏರಿಸುವಾಗ ಮೆಟ್ಟಿಲು ಹತ್ತಿದಂತೆ ಏರಿಸಬೇಡಿ. ಐದು, ಹನ್ನೆರಡು, ಎಂಟು, ಇಪ್ಪತ್ತು, ಆರು ಸೆಕೆಂಡು, ಹೀಗೆ ಏರಿಳಿತವಿರಲಿ. ಪ್ರತಿ ಸಲವೂ ಹೆಚ್ಚುತ್ತಲೇ ಹೋದರೆ ನಾಯಿ ಅದನ್ನು ಊಹಿಸಿ ಮುಂಚಿತವಾಗಿಯೇ ಹೆದರುತ್ತದೆ. ಎರಡು ಪ್ರಯತ್ನಗಳ ನಡುವೆ ಅದು ಪೂರ್ತಿ ಶಾಂತವಾಗುವವರೆಗೆ ಕಾಯಿರಿ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷದ ಅಭ್ಯಾಸ ಸಾಕು. ಹೊರಗೆ ನಿಂತು ಮೊಬೈಲಿನಲ್ಲಿ ನಾಯಿಯನ್ನು ನೋಡುತ್ತಿರಲು ಸಾಧ್ಯವಾದರೆ ಬಹಳ ಒಳ್ಳೆಯದು, ಏಕೆಂದರೆ ತುಟಿ ನೆಕ್ಕುವುದು, ಆಕಳಿಕೆ, ಹಿಂದಕ್ಕೆ ಮಡಿಸಿದ ಕಿವಿ ಇವೆಲ್ಲ ಬೊಗಳುವುದಕ್ಕಿಂತ ಎಷ್ಟೋ ಮೊದಲೇ ಬರುತ್ತವೆ. ಅವು ಕಂಡವೆಂದರೆ ನೀವು ಹೆಚ್ಚು ಹೊತ್ತು ನಿಂತಿದ್ದೀರಿ. ಮುಂದಿನ ಸಲ ಅರ್ಧಕ್ಕೆ ಇಳಿಸಿ.

ಸೊನ್ನೆಯಿಂದ ಅರ್ಧ ಗಂಟೆಯವರೆಗಿನ ದಾರಿಯೇ ಅತಿ ಕಷ್ಟದ್ದು, ವಾರಗಟ್ಟಲೆ ಹಿಡಿಯುತ್ತದೆ. ನಲವತ್ತು ನಿಮಿಷ ದಾಟಿದ ಮೇಲೆ ಐದು, ಹತ್ತು, ಹದಿನೈದು ನಿಮಿಷಗಳ ಹೆಜ್ಜೆ ಇಡಬಹುದು. ಒಂದೂವರೆ ಗಂಟೆಯನ್ನು ನೆಮ್ಮದಿಯಿಂದ ಕಳೆಯುವ ನಾಯಿ ಹೆಚ್ಚಾಗಿ ನಾಲ್ಕು ಗಂಟೆಯನ್ನೂ ಕಳೆಯುತ್ತದೆ.

ಈ ಅಭ್ಯಾಸ ನಡೆಯುವಷ್ಟು ವಾರ ನಾಯಿಯನ್ನು ಅದರ ಮಿತಿ ಮೀರಿ ಒಂಟಿಯಾಗಿ ಬಿಡಬಾರದು. ಈ ಮಾತು ಕೇಳಿ ಬಹಳ ಜನ ಕೈಚೆಲ್ಲುತ್ತಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬೆಳಿಗ್ಗೆ ಹತ್ತು ಸೆಕೆಂಡು ಕಲಿಸಿ ಮಧ್ಯಾಹ್ನ ಐದು ಗಂಟೆ ಹೆದರಿಸಿದರೆ ಕಲಿತದ್ದು ಅಲ್ಲೇ ಅಳಿಸಿಹೋಗುತ್ತದೆ. ಮನೆಯವರು ಸರದಿಯಲ್ಲಿ ಉಳಿಯಿರಿ, ಬಂಧುಗಳಲ್ಲಿ ಅಥವಾ ನಾಯಿ ನೋಡಿಕೊಳ್ಳುವವರಲ್ಲಿ ಬಿಡಿ, ಸಾಧ್ಯವಾದ ಕಡೆಗೆ ಜೊತೆಯಲ್ಲೇ ಕರೆದೊಯ್ಯಿರಿ. ಐದು ಕಿಲೋದ ನಾಯಿ ಚೀಲದಲ್ಲೂ ಹಿಡಿಯುತ್ತದೆ. ತೀರಾ ಅನಿವಾರ್ಯವಾಗಿ ಬಿಡಲೇಬೇಕಾದ ದಿನ ಅಭ್ಯಾಸದ ಬಾಗಿಲು ಬಿಟ್ಟು ಬೇರೆ ಬಾಗಿಲಿನಿಂದ ಹೋಗಿ.

ಹೊರಡುವ ದಿನದ ಕ್ರಮ

ಹೊರಡುವುದಕ್ಕೆ ಒಂದು ಗಂಟೆ ಮೊದಲು ಅಡ್ಡಾಡಿಸಿ. ಓಡಿಸುವುದಕ್ಕಿಂತ ಮೂಸಲು ಬಿಡುವುದು ಮೇಲು, ಮೂಗಿಗೆ ಕೆಲಸ ಸಿಕ್ಕರೆ ನಾಯಿ ಬೇಗ ದಣಿಯುತ್ತದೆ. ಮನೆಗೆ ಬಂದು ಅರ್ಧ ಗಂಟೆ ಶಾಂತವಾಗಲಿ, ಆಮೇಲೆ ಕೊನೆಯ ಸಲ ಮೂತ್ರಕ್ಕೆ ಬಿಡಿ. ಬೇಸರದಿಂದ ಹಾಳು ಮಾಡುವ ನಾಯಿಗೆ ಒಳಗೆ ತಿನಿಸು ತುಂಬುವ ರಬ್ಬರ್ ಆಟಿಕೆ ವರದಾನ. ಮೆತ್ತಗಿನ ಆಹಾರ ತುಂಬಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟರೆ ನೆಕ್ಕಲು ಅರ್ಧ ಗಂಟೆ ಬೇಕು. ಪೀನಟ್ ಬಟರ್ ತುಂಬುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಸಿಹಿಕಾರಕದ ಹೆಸರಿದೆಯೇ ನೋಡಿ. ಅದು ನಾಯಿಗೆ ವಿಷ, ಸಣ್ಣ ನಾಯಿಗೆ ಬಹಳ ಸ್ವಲ್ಪವೂ ಅಪಾಯ. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿಯೂ ಬೇಡ. ವಿದ್ಯುತ್ ತಂತಿ, ಔಷಧಿ, ಕಸದ ಬುಟ್ಟಿ ಕೈಗೆಟುಕದಂತಿರಲಿ.

ಹೋಗುವಾಗ ಬರುವಾಗ ಸದ್ದುಗದ್ದಲ ಬೇಡ. ‘ಹೋಗಿ ಬರುತ್ತೇನೆ’ ಎಂದು ಮೆಲ್ಲನೆ ಹೇಳಿ ಹೋದರೆ ಸಾಕು. ಬಂದಾಗ ಕುಣಿಯುವ ನಾಯಿಯನ್ನು ಮೊದಲು ಹೊರಗೆ ಕರೆದೊಯ್ಯಿರಿ. ಕೆಲವು ಸಣ್ಣ ನಾಯಿಗಳು ಸಂತೋಷಕ್ಕೋ ಅಂಜಿಕೆಗೋ ನಿಮ್ಮ ಕಾಲ ಬಳಿಯೇ ಒಂದೆರಡು ಹನಿ ಹಾಕುತ್ತವೆ. ಅದು ಅವುಗಳ ಹಿಡಿತದಲ್ಲಿಲ್ಲ. ಮೇಲಿನಿಂದ ಬಾಗಿ ತಲೆ ಸವರುವ ಬದಲು ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕುಳಿತು, ಅದೇ ಹತ್ತಿರ ಬರಲು ಬಿಡಿ.

ಒಳಗೆ ಬಂದಾಗ ಹೊಲಸು ಕಂಡರೆ

ನಾಯಿಯ ಮೂಗನ್ನು ಅದಕ್ಕೆ ಉಜ್ಜುವುದು, ಬಡಿಯುವುದು, ಬೈಯುವುದು ಯಾವುದನ್ನೂ ಮಾಡಬೇಡಿ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ’ ಎಂದು ವಾದಿಸುವವರಿಗೆ ಒಂದು ವಿಷಯ ಹೇಳಬೇಕು. ನಾಯಿಗಳ ಮನಸ್ಸನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನಬೇಡ ಎಂದ ತಿನಿಸನ್ನು ತಿಂದ ನಾಯಿಯೂ ತಿನ್ನದ ನಾಯಿಯೂ ಒಡೆಯರು ಗದರಿದಾಗ ಅದೇ ತಪ್ಪಿತಸ್ಥ ಮುಖ ಮಾಡಿದವು. ಆ ಮುಖಕ್ಕೆ ಕಾರಣ ನಿಮ್ಮ ಕೋಪ. ಎರಡು ಗಂಟೆ ಹಿಂದಿನ ಉಚ್ಚೆಗೂ ಈಗಿನ ಏಟಿಗೂ ನಾಯಿ ಸಂಬಂಧ ಕಟ್ಟಲಾರದು. ಭಯದಿಂದ ಮಾಡಿದ ನಾಯಿಯಾದರೆ, ಮುಂದಿನ ಸಲ ನೀವು ಹೋಗುವುದಕ್ಕೂ ಹೆದರುತ್ತದೆ, ಬರುವುದಕ್ಕೂ ಹೆದರುತ್ತದೆ. ಮಿನ್ನಿ ನನ್ನ ಹೆಜ್ಜೆ ಸದ್ದಿಗೆ ಮಂಚದ ಕೆಳಗೆ ನುಸುಳುತ್ತಿದ್ದ ದಿನಗಳಿದ್ದವು, ಅದು ನನ್ನ ಗದರಿಕೆಯ ಫಲ. ಬೊಗಳಿದರೆ ಶಾಕ್ ಹೊಡೆಯುವ ಪಟ್ಟಿಗಳನ್ನೂ ಇದೇ ಕಾರಣಕ್ಕೆ ಕಟ್ಟಬೇಡಿ. ಅವು ಭಯದ ಮೇಲೆ ನೋವನ್ನು ಹೇರುತ್ತವೆ.

ನಾಯಿಯನ್ನು ಬೇರೆ ಕೋಣೆಗೆ ಬಿಟ್ಟು ಒರೆಸಿ. ದಿನಚರಿಯಲ್ಲಿ ಬರೆಯಿರಿ. ಹೊರಡುವ ಮುಂಚೆ ಮಾಡಿಸಿದ್ದೆನೇ, ಎಷ್ಟು ಹೊತ್ತಾಗಿತ್ತು, ವಿಡಿಯೊದಲ್ಲಿ ಏನಿದೆ ಎಂದು ನೋಡಿ.

ಮುಂದಕ್ಕೆ ಹೋಗದೆ ನಿಂತರೆ

ಒಂದು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಹತ್ತು ಸೆಕೆಂಡು ದಾಟಲಾಗದ ನಾಯಿಗಳಿವೆ. ಅವುಗಳಿಗೆ ಪಶುವೈದ್ಯರು ಔಷಧಿ ಕೊಡಬಲ್ಲರು. ಕ್ಲೋಮಿಪ್ರಮಿನ್ ಮತ್ತು ಫ್ಲೂಆಕ್ಸೆಟಿನ್ ನಾಯಿಗಳ ಅಗಲಿಕೆಯ ಭಯಕ್ಕೆಂದೇ ಬಳಕೆಯಲ್ಲಿರುವ ಔಷಧಿಗಳು. ಕೆಲಸ ಮಾಡಲು ಕೆಲವು ವಾರ ಬೇಕು, ತರಬೇತಿಯ ಜೊತೆಗೇ ಕೊಡಬೇಕು. ಔಷಧಿ ಕೊಟ್ಟರೆ ಸೋತಂತೆ ಎಂದು ತಿಳಿಯುವ ಅಗತ್ಯವಿಲ್ಲ. ಗಾಬರಿಯಲ್ಲಿರುವ ಮಿದುಳು ಪಾಠ ಕಲಿಯುವುದಿಲ್ಲ, ಔಷಧಿ ಅದನ್ನು ಕಲಿಯುವ ಸ್ಥಿತಿಗೆ ತರುತ್ತದೆ. ಮನುಷ್ಯರ ಮಾತ್ರೆಯನ್ನು ನೀವೇ ಅಳೆದು ಕೊಡುವುದು ಮಾತ್ರ ಖಂಡಿತ ಬೇಡ. ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆ ಎಂಬ ಸಲಹೆಯೂ ಸಿಗುತ್ತದೆ. ಹೆಚ್ಚಿನ ನಾಯಿಗಳು ಹಂಬಲಿಸುವುದು ಮನುಷ್ಯರಿಗಾಗಿ, ಅದರಿಂದ ಆ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಮನೆ ಬದಲಾದಾಗ, ಮನೆಗೆ ಹೊಸಬರು ಬಂದಾಗ, ರಜೆ ಮುಗಿದು ನೀವು ಮತ್ತೆ ಕೆಲಸಕ್ಕೆ ಹೊರಟಾಗ ಕಲಿತದ್ದು ಒಂದಿಷ್ಟು ಹಿಂದೆ ಸರಿಯುತ್ತದೆ. ಎರಡು ಹಂತ ಹಿಂದಕ್ಕೆ ಹೋಗಿ ಮತ್ತೆ ಏರಿಸಿ, ಎರಡನೆಯ ಸಲ ಬೇಗ ಆಗುತ್ತದೆ.

ಒಂದು ತಿಂಗಳು ಒಂದೂ ತಪ್ಪಿಲ್ಲದೆ ಕಳೆದ ಮೇಲೆ ಅಡ್ಡಗೇಟನ್ನು ಒಂದು ಕೋಣೆಯಷ್ಟು ಹಿಂದಕ್ಕೆ ಸರಿಸಿ. ಹೊಸ ಕೋಣೆಯಲ್ಲಿ ಮೊದಲು ಅದರ ಜೊತೆ ಕುಳಿತು ಆಟವಾಡಿ, ಒಂದು ಹೊತ್ತಿನ ಊಟ ಅಲ್ಲೇ ಹಾಕಿ. ಊಟದ ಜಾಗ ಎಂದು ಮನಸ್ಸಿಗೆ ಬಂದರೆ ಅಲ್ಲಿ ಮೂತ್ರ ಮಾಡುವುದು ಕಡಿಮೆ. ಎರಡು ವಾರ ಕಳೆದರೆ ಇನ್ನೊಂದು ಕೋಣೆ ಕೊಡಿ. ಜೇಬಿನ ತಿನಿಸನ್ನು ಮೂರಕ್ಕೊಂದು ಸಲಕ್ಕೆ ಇಳಿಸಬಹುದು, ಹೊಗಳಿಕೆ ಪ್ರತಿ ಸಲವೂ ಇರಲಿ. ಮೊಬೈಲನ್ನು ಕಪಾಟಿನಿಂದ ಇಳಿಸಬೇಡಿ, ವಾರಕ್ಕೊಮ್ಮೆಯಾದರೂ ಚಾಲೂ ಮಾಡಿ ಹೋಗಿ. ಮಿನ್ನಿಯ ಕಳೆದ ವಾರದ ವಿಡಿಯೊದಲ್ಲಿ ಮೂರು ಗಂಟೆ ಹತ್ತು ನಿಮಿಷ ಹೆಚ್ಚೇನೂ ನಡೆಯುವುದಿಲ್ಲ. ಅವಳು ಎರಡು ಸಲ ಮಗ್ಗುಲು ಬದಲಿಸುತ್ತಾಳೆ, ಒಮ್ಮೆ ಎದ್ದು ನೀರು ಕುಡಿಯುತ್ತಾಳೆ.